ಪೆನಾಲ್ಟಿ ಬಾಕ್ಸಿನ ಕೆಮ್ಮು

ರೋಗವೆಂಬುದು ಮನುಷ್ಯನ ಅಹಂಕಾರವನ್ನು ಕರಗಿಸಿ ಅವನನ್ನು ಒಳಗಿನಿಂದ ತಿದ್ದುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಅದು ಕರಗಿಸಿದ್ದು ಸೊಂಟದ ಸುತ್ತಳತೆಯನ್ನು ಮಾತ್ರ. ಅಹಂಕಾರ ಬೆಲ್ಟಿಗೆ ಇನ್ನೊಂದು ತೂತು ಹೊಡೆಸಿಕೊಂಡು ಇದ್ದಲ್ಲೇ ಇತ್ತು. ಅದನ್ನು ಅಲ್ಲಾಡಿಸಲು ಒಂಬತ್ತು ತಿಂಗಳ ಒಂದು ಹೆಣ್ಣುಮಗು ಬೇಕಾಯಿತು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯ ಮಾತಿದು. ಆಗ ನಾವು ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿದ್ದೆವು. ಹಗಲಿನಲ್ಲಿ ನಾನು ಊರಿನ ನೀರಿನ ಕೊಳವೆಗಳ ನಕ್ಷೆ ಬರೆಯುವ ಎಂಜಿನಿಯರ್. ವಾರದ ಕೊನೆಯಲ್ಲಿ, ವಾಷಿಂಗ್ಟನ್ನನ್ನು ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಪಕ್ಕದ ಹಳೆಯ ಅರೀನಾದಲ್ಲಿ, ವೃತ್ತಿಪರ ಒಳಾಂಗಣ ಸಾಕರ್ ಲೀಗಿನ ಒಂದು ತಂಡದ ಪೆನಾಲ್ಟಿ ಬಾಕ್ಸಿನ ಬಾಗಿಲು ಕಾಯುವವನು. ಎರಡನೆಯ ಹುದ್ದೆಯ ಬಗ್ಗೆ ನನಗೆ ಹೆಚ್ಚು ಹೆಮ್ಮೆಯಿತ್ತು.

ಈ ಆಟ ನೋಡಿರದವರಿಗೆ ಎರಡು ಮಾತು. ಚಳಿಗಾಲದಲ್ಲಿ ಐಸ್ ಹಾಕಿ ಪಂದ್ಯ ಆಡುವ ಜಾಗದಲ್ಲಿ ಬೇಸಿಗೆಯಲ್ಲಿ ಐಸ್ ಕರಗಿಸಿ ಹಸಿರು ಜಮಖಾನ ಹಾಸುತ್ತಾರೆ. ಸುತ್ತ ಎದೆಯೆತ್ತರದ ಹಲಗೆಯ ಗೋಡೆ, ಅದರ ಮೇಲೆ ದಪ್ಪ ಗಾಜು. ಚೆಂಡು ಗೋಡೆಗೆ ಬಡಿದು ಮತ್ತೆ ಒಳಗೇ ಬರುತ್ತದೆ. ನಾನು ಪ್ರಾಯದಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ತಂಡಗಳ ಪಂದ್ಯಗಳಿಗೆ ಲೈನ್ಸ್‌ಮನ್ ಆಗಿದ್ದವನು. ಸುಣ್ಣದ ಗೆರೆಯ ಪಕ್ಕದಲ್ಲಿ ಬಾವುಟ ಹಿಡಿದು ಓಡಿದವನಿಗೆ, ಗೆರೆ ದಾಟಲು ಚೆಂಡಿಗೆ ಅವಕಾಶವೇ ಇಲ್ಲದ ಆಟ ಮೊದಮೊದಲು ಅಧರ್ಮವೆಂದೇ ಕಂಡಿತ್ತು. ಆದರೆ ಅಂಕಣದ ಬದಿಯ ಸಿಬ್ಬಂದಿಯನ್ನು ನೋಡಿಕೊಳ್ಳುತ್ತಿದ್ದ ಆಫೀಸಿನ ಸ್ನೇಹಿತರೊಬ್ಬರು, ಗಡಿಯಾರವನ್ನು ನಂಬುವ, ಆಟಗಾರರ ಜೊತೆ ಜಗಳವಾಡದ ಮನುಷ್ಯನೊಬ್ಬ ಬೇಕು ಎಂದಾಗ ನನ್ನ ಹೆಸರೇ ಬಂತು.

ಒರಟಾಗಿ ಆಡಿದವನನ್ನು ಎರಡು ನಿಮಿಷ ಆಟದಿಂದ ಹೊರಗೆ ಕೂರಿಸುವ ಜಾಗವೇ ಪೆನಾಲ್ಟಿ ಬಾಕ್ಸ್. ಮೂರು ಕಡೆ ಗಾಜು, ಬೆನ್ನಿಗೆ ಗೋಡೆ, ಒಂದು ಬೆಂಚು. ನಮ್ಮ ತಂಡ ಸೋಲುತ್ತಲೇ ಇದ್ದುದರಿಂದ ಪ್ರೇಕ್ಷಕರು ನಮ್ಮವರ ಮೇಲೂ ಬಿಯರ್ ಸುರಿಯುತ್ತಾರೆಂದು ಮೇಲೂ ಮುಚ್ಚಿದ್ದರು. ಬೆಂಚಿನ ಆ ತುದಿಯಲ್ಲಿ ಪಾಪಿ, ಈ ತುದಿಯಲ್ಲಿ ನಾನು. ಅವಧಿ ಮುಗಿದ ಕ್ಷಣ ಚಿಲಕ ತೆಗೆದು ಅವನನ್ನು ಭೂಲೋಕಕ್ಕೆ ಬಿಡುವುದು ನನ್ನ ಕೆಲಸ.

ಆ ಬೆಂಚಿನ ಖಾಯಂ ಗಿರಾಕಿ ಡೆನ್ನಿ. ಡಿಫೆಂಡರ್, ದಕ್ಷಿಣ ಕೆರೊಲಿನಾದ ಯಾವುದೋ ಬಟ್ಟೆ ಗಿರಣಿಯ ಊರಿನವನು. ಮರದ ದಿಮ್ಮಿಯಂಥ ಆಳು, ಮಗುವಿನಂಥ ಮುಖ. ನಾನು ಟೈ ಕಟ್ಟಿಕೊಂಡು ಬರುತ್ತಿದ್ದುದರಿಂದ ನನ್ನನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದ. ಅವನ ಇಂಗ್ಲಿಷು, ನನ್ನ ಮೈಸೂರು ಕನ್ನಡಕ್ಕೆ ಬಂದಾಗ, ಇದ್ದದ್ದಕ್ಕಿಂತ ಸಭ್ಯವಾಗಿ ಕೇಳಿಸುತ್ತದೆ. ಓದುವವರು ಅಲ್ಲಲ್ಲಿ ಒಂದೊಂದು ಕೆಟ್ಟ ಮಾತು ಸೇರಿಸಿಕೊಳ್ಳಬೇಕು.

"ಪ್ರೊಫೆಸರ್, ನಾನೇನು ಮಾಡಿದೆ ಹೇಳು."

"ಅವನ ಕಾಲು ಹಿಡಿದು ಎಳೆದೆ."

"ನಾನೆಲ್ಲಿ ಎಳೆದೆ. ಅವನೇ ಕಾಲು ತಂದು ನನ್ನ ಕೈಲಿಟ್ಟ."

"ಇನ್ನೂ ಒಂದೂವರೆ ನಿಮಿಷ ಇದೆ. ಪಶ್ಚಾತ್ತಾಪ ಪಡು."

"ಒಂದು ಸೆಕೆಂಡು ಮುಂಚೆ ಬಿಟ್ರೆ ಏನಾಗುತ್ತೆ?"

"ನಾನು ಬೆಂಗಳೂರಿನಲ್ಲಿ ಲೈನ್ಸ್‌ಮನ್ ಆಗಿದ್ದೆ."

"ಅದೂ ಒಂದು ಉತ್ತರವಾ?"

"ನಮ್ಮ ಕಡೆ ಹೌದು."

ಅವನಿಗೆ ಕೇಲಾ ಎಂಬ ಮಗಳಿದ್ದಳು. ಇನ್ನೂ ನಿಲ್ಲಲು ಬಾರದ ಕೂಸು. ಪಂದ್ಯಕ್ಕೆ ಮುಂಚೆ ಆಟಗಾರರು ಮೈ ಬಿಸಿ ಮಾಡಿಕೊಳ್ಳುವಾಗ ಚೆಂಡುಗಳು ಎಲ್ಲೆಂದರಲ್ಲಿ ಸಿಡಿಯುತ್ತವೆ. ಇಡೀ ಅರೀನಾದಲ್ಲಿ ಚೆಂಡು ತಲುಪದ ಜಾಗವೆಂದರೆ ನನ್ನ ಬಾಕ್ಸ್. ಹಾಗಾಗಿ ಅವನ ಹೆಂಡತಿ ಟ್ರಿಷ್ ತಿಂಡಿಯ ಸಾಲಿನಲ್ಲಿ ನಿಂತಾಗಲೆಲ್ಲ ಡೆನ್ನಿ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿ ಹೋಗುತ್ತಿದ್ದ. "ಇಲ್ಲಿ ಸೇಫ್," ಎನ್ನುತ್ತಿದ್ದ. ಅವಳು ನನ್ನ ಟೈ ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ನಾನು ಸಂಭಾವಿತನಂತೆ ಮುಖವನ್ನು ಆಚೆ ತಿರುಗಿಸಿ ಕೆಮ್ಮುತ್ತಿದ್ದೆ.

ಕೆಮ್ಮು ಸೀಸನ್ನಿನ ಜೊತೆಯಲ್ಲೇ ಶುರುವಾಗಿತ್ತು. ಅದಕ್ಕೆ ಕಾರಣಗಳ ಬರವಿರಲಿಲ್ಲ. ಆಟಗಾರರನ್ನು ಒಬ್ಬೊಬ್ಬರನ್ನೇ ಕರೆಯುವಾಗ ದೀಪ ಆರಿಸಿ, ಯಂತ್ರದಿಂದ ಬಿಳಿ ಹೊಗೆ ಬಿಡುತ್ತಿದ್ದರು. ಮೊದಲ ಆರೋಪಿ ಅದು. ಆಮೇಲೆ ಎಸಿ. ಆಮೇಲೆ ವಾಷಿಂಗ್ಟನ್ನಿನ ಹೂವಿನ ಪರಾಗ. ಆಮೇಲೆ ಜಮಖಾನದ ಧೂಳು. ಸಂಜೆ ಬರುವ ಸಣ್ಣ ಜ್ವರವನ್ನು ಬೆಲ್ಟ್‌ವೇ ಟ್ರಾಫಿಕ್ಕಿನ ತಲೆಗೆ ಕಟ್ಟಿದೆ. ಮೈ ಇಳಿದದ್ದನ್ನು ಕಾಫಿಗೆ ಸಕ್ಕರೆ ಬಿಟ್ಟಿದ್ದರ ಫಲವೆಂದು ನಾಲ್ಕು ಜನರ ಮುಂದೆ ಹೇಳಿಕೊಂಡೆ. ನನ್ನ ರೋಗದ ಪರವಾಗಿ ಅಷ್ಟು ಸಾಕ್ಷಿಗಳು ನಿಂತಿದ್ದರು. ನನ್ನ ಹೆಂಡತಿ ಸರೋಜ ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕುದಿಸುತ್ತಲೇ ಇದ್ದಳು. "ಎಕ್ಸ್-ರೇ ತೆಗೆಸ್ಕೊಳ್ರೀ," ಎಂದೂ ಹೇಳುತ್ತಿದ್ದಳು. ನಾನು ಕಷಾಯವನ್ನು ಮಾತ್ರ ಕೇಳಿಸಿಕೊಂಡೆ.

ಕೊನೆಗೆ ನಮ್ಮ ಫ್ಯಾಮಿಲಿ ಡಾಕ್ಟರು, ಹೊಸದಾಗಿ ಕೆಲಸ ಶುರುಮಾಡಿದ ಹುಡುಗ, ಮುಂಗೈ ಒಳಭಾಗದ ಚರ್ಮಕ್ಕೆ ಸಣ್ಣ ಸೂಜಿ ಚುಚ್ಚಿ, ಎರಡು ದಿನ ಬಿಟ್ಟು ತೋರಿಸಿ ಎಂದರು. ಎರಡು ದಿನಕ್ಕೆ ಅಲ್ಲೊಂದು ಕೆಂಪು ಗಂಟು ಎದ್ದಿತು. ಟಿಬಿ ಇರಬಹುದೇ ನೋಡೋಣ, ಎಕ್ಸ್-ರೇ ಮಾಡಿಸಿ ಎಂದು ಚೀಟಿ ಕೊಟ್ಟರು. ಆ ಶನಿವಾರ ರಾಕ್‌ವಿಲ್‌ನಲ್ಲಿ ಕನ್ನಡದವರ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ, ಇತ್ತು. ಅಲ್ಲಿ ವಿಜಾಪುರ ಕಡೆಯ ಡಾಕ್ಟರ್ ಪಾಟೀಲರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಪಾಟೀಲರು ಎಲುಬಿನ ಡಾಕ್ಟರು.

"ಅಯ್ಯ, ಇದಕ್ಯಾಕ ಹೆದರ್ತೀರಿ ರಾಯರ? ನಮಗೆಲ್ಲಾ ಸಣ್ಣವರಿದ್ದಾಗ ಬಿಸಿಜಿ ಹಾಕ್ಯಾರಲ್ರಿ. ನಮ್ಮ ಮಂದಿ ಯಾರಿಗೆ ಚುಚ್ಚಿದ್ರೂ ಹಿಂಗ ಉಬ್ಬತೈತಿ. ಇಲ್ಲಿ ಡಾಕ್ಟರ್‌ಗೊಳಿಗೆ ಅದು ತಿಳಿಯಂಗಿಲ್ಲ."

ಅಷ್ಟೇ ಸಾಕಾಯಿತು. ಬಿಸಿಬೇಳೆಭಾತಿನ ತಟ್ಟೆಗಳನ್ನು ಕೆಳಗಿಟ್ಟು ಗಂಡಸರೆಲ್ಲ ಅಂಗಿಯ ತೋಳು ಮೇಲೆ ಸರಿಸಿ ಎಡ ಭುಜದ ಮೇಲಿನ, ಟಿಬಿ ತಡೆಯುವ ಬಿಸಿಜಿ ಲಸಿಕೆಯ ಗುರುತು ತೋರಿಸತೊಡಗಿದರು. ಪಾಸ್‌ಪೋರ್ಟಿಗಿಂತ, ಗ್ರೀನ್ ಕಾರ್ಡಿಗಿಂತ ಹಳೆಯದಾದ ನಮ್ಮ ಗುರುತು. ಈ ಟೆಸ್ಟಿನಲ್ಲಿ ಪಾಸಿಟಿವ್ ಬಂದು, ಡಾಕ್ಟರನ್ನು ಕೂರಿಸಿ ಬಿಸಿಜಿಯ ಪಾಠ ಹೇಳಿ ಬಂದ ಕಥೆ ಒಬ್ಬೊಬ್ಬರ ಹತ್ತಿರವೂ ಇತ್ತು. ಸೋಮವಾರ ನಾನೂ ಫೋನ್ ಮಾಡಿ ಆ ಹುಡುಗನಿಗೆ ಪಾಠ ಹೇಳಿದೆ. ಬಿಸಿಜಿ ಹಾಕಿಸಿಕೊಂಡವರಿಗೂ ರೋಗ ಬರಬಹುದು ಎಂದು ಆತ ಮೆಲ್ಲಗೆ ಹೇಳಿದ. ಅವನ ವಯಸ್ಸನ್ನು ಗಮನದಲ್ಲಿಟ್ಟುಕೊಂಡು ನಾನು ಅದನ್ನು ಕ್ಷಮಿಸಿದೆ. ಎಕ್ಸ್-ರೇ ಸೀಸನ್ ಮುಗಿದ ಮೇಲೆ ಎಂದುಕೊಂಡೆ.

ಜುಲೈ ನಾಲ್ಕರ ರಜೆಯ ವಾರ ಅಟ್ಲಾಂಟಾ ಕಡೆಯ ಒಂದು ತಂಡ ಬಂದಿತ್ತು. ಎರಡನೆಯ ಕ್ವಾರ್ಟರಿನಲ್ಲಿ ಡೆನ್ನಿ ಯಾರಿಗೋ ಮೊಣಕೈ ಕೊಟ್ಟು ನನ್ನ ಬಳಿಗೆ ಬಂದ. ಬಾಗಿಲು ಹಾಕಿದೆ. ಕೆಮ್ಮು ಬಂತು. ಕರವಸ್ತ್ರ ತೆಗೆದು ಬಾಯಿಗೆ ಹಿಡಿದೆ, ತೆಗೆದೆ, ನೋಡಿದೆ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡೆ.

"ಪ್ರೊಫೆಸರ್, ಅದು ರಕ್ತ."

"ಬೀಟ್‌ರೂಟ್," ಎಂದೆ. "ಮಧ್ಯಾಹ್ನ ಬೀಟ್‌ರೂಟ್ ಪಲ್ಯ ತಿಂದಿದ್ದೆ."

"ನಾನು ವಾರಾವಾರ ರಕ್ತ ನೋಡೋನು. ಸುಮಾರು ಸಲ ನಾನೇ ಬರಿಸಿರ್ತೀನಿ. ಅದು ರಕ್ತ."

"ನಿನ್ನ ಸಮಯ ಮುಗೀತು," ಎಂದು ಚಿಲಕ ತೆಗೆದೆ. ಒಂದು ಸೆಕೆಂಡು ಮುಂಚೆ ಬಿಡು ಎಂದು ಇಡೀ ಸೀಸನ್ ಕಾಡಿದ ಮನುಷ್ಯ, ಬಾಗಿಲು ತೆರೆದಿದ್ದರೂ ಎದ್ದು ಹೋಗಲಿಲ್ಲ. ಬೆಂಚಿನಿಂದಲೇ ತಂಡದ ಡಾಕ್ಟರನ್ನು ಕೂಗಿ ಕರೆದ. ಅವರು ಬರುವತನಕ ನನ್ನ ಭುಜದ ಮೇಲೆ ಕೈಯಿಟ್ಟು ಕೂತಿದ್ದ. ಅಷ್ಟರಲ್ಲಿ, ಒಬ್ಬ ಕಡಿಮೆಯಿದ್ದ ನಮ್ಮ ತಂಡದ ಮೇಲೆ ಎದುರಾಳಿಗಳು ಗೋಲು ಹೊಡೆದರು. ಕೋಚ್ ಗಾಜಿಗೆ ಗುದ್ದಿದ. ಡೆನ್ನಿ ಅವನ ಕಡೆ ನೋಡಲಿಲ್ಲ.

ತಂಡದ ಡಾಕ್ಟರು ಕಳಿಸಿದ್ದು ಕೌಂಟಿಯ, ಎಂದರೆ ಅಲ್ಲಿನ ಜಿಲ್ಲಾಡಳಿತದ, ಎದೆರೋಗದ ಕ್ಲಿನಿಕ್ಕಿಗೆ. ಅದರ ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ನಾಲ್ಕಾರು ಭಾಷೆಗಳಲ್ಲಿ ಬಾಯಿ ಮುಚ್ಚಿ ಕೆಮ್ಮಿ ಎಂಬ ಬರಹ. ಕನ್ನಡ ಇರಲಿಲ್ಲ, ಒಂದು ಕ್ಷಣ ಅದರಿಂದ ಸಮಾಧಾನವಾಯಿತು. ಬಂದವರಿಗೆಲ್ಲ ಬಾಗಿಲಲ್ಲೇ ಮಾಸ್ಕ್ ಕೊಡುತ್ತಿದ್ದರು. ಎಲ್ ಸಾಲ್ವಡಾರಿನ ಕೂಲಿಯವರು, ಇಥಿಯೋಪಿಯಾದ ಒಬ್ಬ ಟ್ಯಾಕ್ಸಿ ಚಾಲಕ, ವಿಯೆಟ್ನಾಮಿನ ಒಬ್ಬ ಅಜ್ಜಿ. ಟೈ ಕಟ್ಟಿದ್ದವನು ನಾನೊಬ್ಬನೇ. ಇವರನ್ನೆಲ್ಲ ತಪಾಸಣೆ ಮಾಡಲು ಬಂದ ಅಧಿಕಾರಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ, ಒಂದು ಕುರ್ಚಿ ಬಿಟ್ಟು ಕೂತೆ. ಅಜ್ಜಿ ನನ್ನನ್ನು ನೋಡಿ, ಕೈಚೀಲದಿಂದ ಶುಂಠಿ ಪೆಪ್ಪರ್‌ಮೆಂಟು ತೆಗೆದು ಕೊಟ್ಟರು. ಬೇಡ ಎನ್ನಲು ಬಾಯಿ ತೆರೆದೆ, ಕೆಮ್ಮು ಬಂತು. ತೆಗೆದುಕೊಂಡೆ.

ಟಿಬಿ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ಅದು ಇಂಗ್ಲಿಷಿನಲ್ಲಿ ಎರಡಕ್ಷರದ, ಮಾತ್ರೆಗೆ ಬಗ್ಗುವ ಕಾಯಿಲೆಯಾಗಿತ್ತು. ಕಾರಿನಲ್ಲಿ ಕೂತು ಅದನ್ನು ಕ್ಷಯ ಎಂದು ಮನಸ್ಸಿನಲ್ಲೇ ಹೇಳಿಕೊಂಡಾಗ ಬೇರೆಯಾಯಿತು. ನಾನು ಬೆಳೆದ ಬೀದಿಯಲ್ಲಿ ಒಂದು ಮನೆಯಿತ್ತು. ಆ ಮನೆಯ ಹುಡುಗಿಯರಿಗೆ ಬಂದ ಸಂಬಂಧಗಳೆಲ್ಲ ಮೂಲೆಯಂಗಡಿಯ ತನಕ ಬಂದು ಹಿಂದಿರುಗುತ್ತಿದ್ದವು. ಕಾರಣವನ್ನು ದೊಡ್ಡವರು ದನಿ ತಗ್ಗಿಸಿ ಹೇಳುತ್ತಿದ್ದರು. ಸಾಯುತ್ತೇನೆಂಬ ಭಯ ನನಗೆ ಆಗ ಬರಲೇ ಇಲ್ಲ. ಬಂದದ್ದು ನಾಚಿಕೆ.

ಮನೆಯಲ್ಲಿ ಸರೋಜ ಕಷಾಯದ ಒಲೆ ಆರಿಸಿದಳು. ಆಮೇಲೆ, "ಯಾರ್ಗೂ ಹೇಳ್ಬೇಡಿ ರೀ. ನ್ಯುಮೋನಿಯಾ ಅನ್ನಿ. ನ್ಯುಮೋನಿಯಾ ಮರ್ಯಾದಸ್ಥರಿಗೂ ಬರುತ್ತೆ," ಎಂದಳು.

ಹೈಸ್ಕೂಲಿನಲ್ಲಿದ್ದ ಮಗಳು ಶುಭಾ ಪುಸ್ತಕದಿಂದ ತಲೆಯೆತ್ತಿದಳು. "ಅಮ್ಮ, ಅದು ಜಸ್ಟ್ ಬ್ಯಾಕ್ಟೀರಿಯಾ. ಇಟ್ಸ್ ನಾಟ್ ಲೈಕ್ ಅಪ್ಪ ಬ್ಯಾಂಕ್ ರಾಬ್ ಮಾಡಿದ್ದು."

"ಬ್ಯಾಂಕ್ ರಾಬ್ ಮಾಡಿದ್ರೆ ಜನ ಏನಾಯ್ತು ಅಂತ ಕೇಳೋಕಾದ್ರೂ ಬರ್ತಾರೆ ಕಣೇ."

ಮರುದಿನ ಬ್ರೆಂಡಾ ಬಂದರು. ಕೌಂಟಿಯ ನರ್ಸು, ದೊಡ್ಡ ಮೈಯ, ನಿಧಾನದ ಹೆಂಗಸು. ಮಾತ್ರೆಗಳ ಡಬ್ಬಿ ಮೇಜಿನ ಮೇಲಿಟ್ಟು, ನಾನು ಯಾರು ಯಾರ ಜೊತೆ ಮುಚ್ಚಿದ ಜಾಗದಲ್ಲಿ ಕೂರುತ್ತೇನೆ ಎಂದು ಕೇಳಿದರು. ಮನೆಯವರನ್ನು ಹೇಳಿದೆ. ಆಫೀಸಿನವರನ್ನು ಹೇಳಿದೆ. ಸರೋಜ ತಲೆ ತಗ್ಗಿಸಿದರೂ ಪಾಟ್‌ಲಕ್ಕಿನವರನ್ನೂ ಹೇಳಿದೆ.

"ಮತ್ತೆ?"

"ಒರಟಾಗಿ ಆಡಿದವರು," ಎಂದೆ.

ಬ್ರೆಂಡಾ ಪೆನ್ನು ಕೆಳಗಿಟ್ಟರು. ಬಾಕ್ಸಿನ ವಿಷಯ ವಿವರಿಸಿದೆ. ಕಿಟಕಿ ಇದೆಯೇ ಎಂದರು, ಇಲ್ಲ. ಮೇಲೆ ತೆರೆದಿದೆಯೇ ಎಂದರು. ಬಿಯರಿನ ಕಥೆ ಹೇಳಿದೆ. ಹೆಚ್ಚು ಹೊತ್ತು ಕೂತವರು ಯಾರು ಎಂದು ಕೇಳಿದಾಗ ಯೋಚಿಸಬೇಕಾಗಲಿಲ್ಲ. ನನ್ನ ಬಳಿಗೆ ಬಂದ ಪಾಪಿಗಳಲ್ಲಿ ಡೆನ್ನಿಯಷ್ಟು ಪಾಪ ಮಾಡಿದವರಿರಲಿಲ್ಲ. ಅವನು ಸ್ವಲ್ಪ ಸಾಧುವಾಗಿದ್ದಿದ್ದರೆ ಅಷ್ಟೂ ಹೊತ್ತು ಜಮಖಾನದ ಮೇಲೆ ಒಳ್ಳೆಯ ಗಾಳಿ ಕುಡಿದುಕೊಂಡು ಇರುತ್ತಿದ್ದ.

"ಇನ್ಯಾರಾದರೂ?"

"ಒಂದು ಮಗು," ಎಂದೆ. "ಅವನದೇ. ಒಂಬತ್ತು ತಿಂಗಳು."

ಅಲ್ಲಿಯವರೆಗೆ ನಗುನಗುತ್ತಾ ಬರೆಯುತ್ತಿದ್ದ ಬ್ರೆಂಡಾ ನಗುವುದನ್ನು ನಿಲ್ಲಿಸಿದರು. "ದೊಡ್ಡವರಲ್ಲಿ ಇದು ಒಳಗೆ ಮಲಗಿಕೊಂಡು ವರ್ಷಗಟ್ಟಲೆ ಕಾಯುತ್ತೆ ಮಿಸ್ಟರ್ ರಾವ್. ಅಷ್ಟು ಚಿಕ್ಕವರಲ್ಲಿ ಕಾಯಲ್ಲ. ನಾನು ಈಗಲೇ ಅವರಿಗೆ ಫೋನ್ ಮಾಡ್ಬೇಕು."

ನಿಮ್ಮ ಹೆಸರು ಹೇಳುವುದಿಲ್ಲ ಎಂದು ಅವರು ಭರವಸೆ ಕೊಟ್ಟರು. ಕೊಟ್ಟ ಮಾತು ಉಳಿಸಿಕೊಂಡರು ಕೂಡ. ಆದರೆ ತಂಡದ ಅಷ್ಟೂ ಜನರನ್ನು ಸಾಲಾಗಿ ನಿಲ್ಲಿಸಿ ಮುಂಗೈಗೆ ಸೂಜಿ ಚುಚ್ಚಿದ ದಿನ, ಪೆನಾಲ್ಟಿ ಬಾಕ್ಸಿನ ಬೆಂಚಿನ ಮೇಲೆ ಟೈ ಕಟ್ಟಿದ ಮನುಷ್ಯ ಕಾಣದಿದ್ದರೆ ಹೆಸರು ಬೇರೆ ಏಕೆ ಬೇಕು? ಆಟದಲ್ಲಿ ಮೂಳೆ ಮುರಿದಾಗ ಹಲ್ಲು ಕಚ್ಚಿಕೊಂಡವರು ಸೂಜಿ ಕಂಡು ಮುಖ ತಿರುಗಿಸಿದರೆಂದು ಆಫೀಸಿನ ಸ್ನೇಹಿತರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಹೆಚ್ಚಿನವರ ಕೈ ಮಟ್ಟಸವಾಗಿತ್ತು. ಶುಭಾಳದೂ. ಡೆನ್ನಿಯ ಕೈ ಉಬ್ಬಿತು. ಅವನಿಗೆ ಬಿಸಿಜಿಯ ನೆಪವಿರಲಿಲ್ಲ, ಒಳಗೆ ಮಲಗಿದ್ದು ಏಳದಂತೆ ಮಾತ್ರೆ ಶುರುವಾಯಿತು.

ಮಗುವಿನ ಕೈಯಲ್ಲಿ ಏನೂ ಏಳಲಿಲ್ಲ. ಆದರೆ ಅಷ್ಟು ಬೇಗ ಅದನ್ನು ನಂಬುವಂತಿಲ್ಲ, ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಚುಚ್ಚಿ ನೋಡಬೇಕು, ಅಲ್ಲಿಯವರೆಗೆ ದಿನವೂ ಔಷಧ ಕುಡಿಸಬೇಕು ಎಂದಾಯಿತಂತೆ. ಇಷ್ಟು ಆಫೀಸಿನ ಸ್ನೇಹಿತರ ಮೂಲಕ ಕಿವಿಗೆ ಬಿತ್ತು. ಬ್ರೆಂಡಾರನ್ನು ಕೇಳಿದರೆ, "ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ," ಎನ್ನುತ್ತಿದ್ದರು.

ಅವರು ವಾರದ ದಿನಗಳಲ್ಲಿ ಬೆಳಿಗ್ಗೆ ಬಂದು, ನಾನು ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡಿ, ಸಹಿ ಹಾಕಿ ಹೋಗುತ್ತಿದ್ದರು. ನೀರಿನ ಇಲಾಖೆಯಲ್ಲಿ ಇಷ್ಟು ವರ್ಷ ದುಡಿದವನನ್ನು, ಮಾತ್ರೆಯನ್ನು ಕೆನ್ನೆಯ ಸಂದಿಯಲ್ಲಿ ಬಚ್ಚಿಡುವ ಹುಡುಗನಂತೆ ಕಾಯುವುದು ಸರಿಯೇ ಎಂದು ಮೊದಲ ದಿನ ಕೇಳಿದೆ. "ಪಾದ್ರಿಗಳನ್ನೂ ಹೀಗೇ ನೋಡ್ತೀನಿ," ಎಂದರು. ಆ ಮಾತ್ರೆಗಳಿಂದ ಮೂತ್ರ, ಬೆವರು, ಕಣ್ಣೀರು ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ, ಬನಿಯನ್ನುಗಳು ಸನ್ಯಾಸಿಯ ಬಟ್ಟೆಯಂತಾದವು. ವೈರಾಗ್ಯ ಬನಿಯನ್ನಿಗೆ ಮಾತ್ರ ಬಂತು. ಬಾಗಿಲಲ್ಲಿ ನಿಲ್ಲುವ ಕೌಂಟಿ ಕಾರಿನ ಬಗ್ಗೆ ಪಕ್ಕದ ಮನೆಯಾಕೆ ವಿಚಾರಿಸಿದಾಗ, ಬೇಸ್‌ಮೆಂಟ್ ರಿಪೇರಿಯ ಪರ್ಮಿಟ್ ವಿಷಯ ಎಂದಳು ಸರೋಜ. ಮುಂದಿನ ಹಲವು ತಿಂಗಳು ನಮ್ಮ ಬೇಸ್‌ಮೆಂಟಿನ ಬಗ್ಗೆ ಬೀದಿಯಲ್ಲಿ ಕುತೂಹಲವಿತ್ತು. ಚಳಿಗಾಲ ಕಳೆಯುವಷ್ಟರಲ್ಲಿ ನನ್ನ ರೋಗ ಪೂರ್ತಿ ಗುಣವಾಯಿತು. ಬೇಸ್‌ಮೆಂಟು ಇದ್ದ ಹಾಗೇ ಇದೆ.

ಕನ್ನಡದವರಿಗೆ ಹೇಳಿದ ನ್ಯುಮೋನಿಯಾ ಹೆಚ್ಚು ದಿನ ಬಾಳಲಿಲ್ಲ. ಅವರನ್ನೂ ಕರೆದು ಚುಚ್ಚಿದರು. ದೊಡ್ಡವರಲ್ಲಿ ಹಲವರ ಕೈ ಉಬ್ಬಿತು. ಈ ಸಲ ಯಾರೂ ಡಾಕ್ಟರಿಗೆ ಪಾಠ ಹೇಳದೆ ಎಕ್ಸ್-ರೇಗೆ ಸಾಲು ನಿಂತರು. ಯಾರ ಎದೆಯಲ್ಲೂ ಏನೂ ಇರಲಿಲ್ಲ. ಆದರೂ ಫೋನುಗಳು ನಿಂತವು. ಪಾಟೀಲರೊಬ್ಬರೇ ಬಂದರು. ಒಳಗೆ ಬಂದು, ಸರೋಜ ಕೊಟ್ಟ ಕಾಫಿಯನ್ನು ಮನೆಯ ಲೋಟದಲ್ಲೇ ಕುಡಿದರು.

"ಎಲುಬಿನ ಡಾಕ್ಟರ್ ಎಲುಬಿನ ಬಗ್ಗೆ ಅಷ್ಟ ಮಾತಾಡ್ಬೇಕ್ರಿ ರಾಯರ," ಎಂದರು.

"ನಾನು ನಿಮ್ಮ ಮಾತು ಕೇಳಿದ್ದು ನನಗೆ ಬೇಕಾದ ಮಾತಾಗಿತ್ತು ಅಂತ," ಎಂದೆ.

"ಆ ಕೂಸು ಹೆಂಗೈತ್ರಿ?"

"ಗೊತ್ತಿಲ್ಲ. ಯಾರೂ ಹೇಳಲ್ಲ."

ಅವರು ಲೋಟ ಕೆಳಗಿಟ್ಟರು.

ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ನಮ್ಮ ಡ್ರೈವ್‌ವೇಯಲ್ಲಿ ಹಳೆಯ ಪಿಕಪ್ ಬಂದು ನಿಂತಿತು. ಡೆನ್ನಿ ಇಳಿದ, ಬಾಗಿಲ ತನಕ ಬರಲಿಲ್ಲ. ನಾನೇ ಹೊರಗೆ ಹೋದೆ. ನನ್ನಿಂದ ಯಾರಿಗೂ ಅಂಟುವ ಕಾಲ ಮುಗಿದಿದೆ ಎಂದು ಕ್ಲಿನಿಕ್ಕಿನವರು ಹೇಳಿದ್ದರು. ಆದರೂ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಂಡು ಗ್ಯಾರೇಜಿನ ಮುಂದೆ ನಿಂತೆ.

"ಸಣ್ಣಗಾಗಿದ್ದೀಯ," ಎಂದ.

"ನೀನೂ."

"ಬಿಯರ್ ಬಿಟ್ಟೆ. ಮಾತ್ರೆ ಜೊತೆ ಕುಡಿಯಬಾರದಂತೆ. ಮುಂದಿನ ವರ್ಷದವರೆಗೂ."

ಅವನಿಗೆ ಹೇಳಬೇಕೆಂದು ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಮೊದಲ ವಾಕ್ಯ ಶುರುಮಾಡಿದೆ.

"ಅದು ಬೇಡ," ಎಂದ ಡೆನ್ನಿ. "ಪರವಾಗಿಲ್ಲ ಅಂತ ಹೇಳೋಕೆ ಬಂದಿಲ್ಲ ನಾನು. ಟ್ರಿಷ್ ಕಳಿಸಿದಳು. ನೀನು ಮಾತ್ರೆ ನುಂಗ್ತಿದ್ದೀಯಾ ಇಲ್ವಾ ನೋಡ್ಕೊಂಡು ಬಾ ಅಂದಳು."

"ನರ್ಸ್ ಬಂದು ನೋಡ್ತಾರೆ."

"ಇವತ್ತು ಶನಿವಾರ. ಇವತ್ತು ಯಾರು ನೋಡ್ತಾರೆ?"

ಶನಿವಾರ ಭಾನುವಾರದ ಮಾತ್ರೆಗಳನ್ನು ಬ್ರೆಂಡಾ ನನ್ನ ಮೇಲೆ ನಂಬಿಕೆಯಿಟ್ಟು ಮನೆಯಲ್ಲೇ ಬಿಟ್ಟಿರುತ್ತಿದ್ದರು. ಒಳಗೆ ಹೋಗಿ ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದೆ. ಗ್ಯಾರೇಜಿನ ಮುಂದೆ ನಿಂತು ಒಂದೊಂದಾಗಿ ನುಂಗಿದೆ. ಡೆನ್ನಿ ಕೈಕಟ್ಟಿ ನೋಡುತ್ತಿದ್ದ. ಎದುರು ಮನೆಯವನು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಅವನೂ ನೋಡಿದ.

"ಬಾಯಿ ತೆಗಿ."

ತೆಗೆದೆ. ಅವನು ಬಗ್ಗಿ ನೋಡಿ ತಲೆಯಾಡಿಸಿದ.

"ಕೇಲಾ ಅದನ್ನ ಉಗುಳ್ತಾಳೆ," ಎಂದ, ಪಿಕಪ್ಪಿನ ಬಾಗಿಲಿಗೆ ಕೈಯಿಟ್ಟುಕೊಂಡು. "ನಾನು ಗಟ್ಟಿಯಾಗಿ ಹಿಡ್ಕೋತೀನಿ, ಟ್ರಿಷ್ ಬಾಯಿಗೆ ಹಾಕ್ತಾಳೆ. ಈಗ ನಾನು ಎತ್ತಿಕೊಳ್ಳೋಕೆ ಹೋದ್ರೇ ಅಳೋಕೆ ಶುರುಮಾಡ್ತಾಳೆ. ಅವಳ ಅಪ್ಪ ನಾನು."

ಅವನು ಹೋದ ಮೇಲೂ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಸರೋಜ ಬಂದು ಲೋಟ ತೆಗೆದುಕೊಂಡಳು. ಬೇಸ್‌ಮೆಂಟಿನ ಬಗ್ಗೆ ಎದುರು ಮನೆಯವನಿಗೆ ಏನೂ ಹೇಳಲಿಲ್ಲ. ನನ್ನನ್ನು ಇಡೀ ಕೌಂಟಿ ಕೊಳೆತವನೆಂದು ತಿಳಿದಿದ್ದರೂ ಸಹಿಸಬಹುದಾಗಿತ್ತು. ಒಂದು ಕೂಸು ತನ್ನ ಅಪ್ಪನ ಕೈಗೆ ಹೆದರುವಂತಾದದ್ದನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ನಾನು ಕೆಲಸಕ್ಕೆ ಬರಬಹುದು ಎಂದು ಕ್ಲಿನಿಕ್ಕಿನವರು ಪತ್ರ ಕೊಟ್ಟರು. ಅರೀನಾದವರು ಬಹಳ ಮರ್ಯಾದೆಯಿಂದ, ಈ ಸೀಸನ್ ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಮುಂದಿನ ಸೀಸನ್ನಿಗೂ ಕರೆಯಲಿಲ್ಲ. ಮಗುವಿನ ಎರಡನೆಯ ಪರೀಕ್ಷೆ ಆ ತಿಂಗಳು ಎಂದಷ್ಟೇ ನನಗೆ ಗೊತ್ತಿತ್ತು. "ಆಯ್ತಾ?" ಎಂದು ಕೇಳಿದರೆ ಬ್ರೆಂಡಾ ಕಿಟಕಿಯ ಆಚೆ ನೋಡುತ್ತಿದ್ದರು. ಬೇರೆ ದಾರಿ ಕಾಣದೆ, ಸೀಸನ್ನಿನ ಕೊನೆಯ ಪಂದ್ಯಕ್ಕೆ ಟಿಕೆಟ್ ಕೊಂಡೆ. ಡ್ರೈವ್ ಮಾಡಲು ಹೊಸದಾಗಿ ಕಲಿತಿದ್ದ ಶುಭಾ ಕರೆದುಕೊಂಡು ಹೋದಳು.

ತೀರಾ ಮೇಲಿನ ಸಾಲಿನಲ್ಲಿ, ಸುತ್ತ ಯಾರೂ ಇಲ್ಲದ ಕಡೆ ಕೂತೆವು. ಕೆಳಗೆ ಆಟಗಾರರ ಮನೆಯವರ ಸಾಲಿನಲ್ಲಿ ಟ್ರಿಷ್ ಮಗುವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಿದ್ದಳು. ಮಗು ಈಗ ನಿಲ್ಲುತ್ತಿತ್ತು. ನಾನು ಕೋಟಿನೊಳಗಿಂದ ಬೈನಾಕ್ಯುಲರ್ ತೆಗೆದೆ.

"ಅಪ್ಪ, ಏನು ನೋಡ್ತಿದ್ದೀಯ?"

"ಕೈ ಉಬ್ಬಿದೆಯಾ ಅಂತ."

"ಅವಳು ಲಾಂಗ್ ಸ್ಲೀವ್ಸ್ ಹಾಕಿದ್ದಾಳೆ. ಆಂಡ್ ದಿಸ್ ಈಸ್ ಸೋ ಕ್ರೀಪಿ. ಹೋಗಿ ಕೇಳು."

"ಹೇಗೆ ಕೇಳೋದು ಮಗು?"

"ಇಂಗ್ಲಿಷ್‌ನಲ್ಲಿ."

ಡೆನ್ನಿ ಆ ದಿನವೂ ಬಾಕ್ಸಿಗೆ ಹೋದ. ಹೊಸ ಮನುಷ್ಯ ಗೋಡೆಗೆ ಒರಗಿ ಆಟ ನೋಡುತ್ತಾ, ಅವಧಿ ಮುಗಿದ ಮೇಲೂ ಚಿಲಕ ಮರೆತಿದ್ದ. ನನಗೆ ತಡೆಯಲಾಗದೆ ಎದ್ದು ನಿಂತೆ. ನಿಂತವನು ಮತ್ತೆ ಕೂರುವ ಮೊದಲೇ ಶುಭಾ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಟ್ಟಿಲ ಕಡೆಗೆ ನೂಕಿದಳು.

ನಾನು ಕೆಳಗಿಳಿಯುವಷ್ಟರಲ್ಲಿ ಅರ್ಧ ಆಟದ ವಿರಾಮವಾಗಿತ್ತು. ಟ್ರಿಷ್‌ಳ ಸಾಲಿನಿಂದ ಮೂರು ಮೆಟ್ಟಿಲು ಮೇಲೆಯೇ ನಿಂತೆ. ಅವಳು ತಿರುಗಿ ನೋಡಿ, ಯಾರೆಂದು ಗುರುತು ಹಿಡಿದು, ಮಗುವನ್ನು ಎದೆಗೆ ಎಳೆದುಕೊಂಡಳು. ಆ ಕೈ ಅಷ್ಟು ತಾನಾಗಿ, ಅಷ್ಟು ಬೇಗ ಹೋಯಿತು. ನಾನು ಹಿಂದಕ್ಕೆ ಒಂದು ಮೆಟ್ಟಿಲು ಹತ್ತಿದೆ. 

"ಮಾತ್ರೆ ಬಿಟ್ಟಿಲ್ಲ ತಾನೇ?" ಎಂದು ಕೇಳಿದಳು.

"ಇಲ್ಲ."

"ಒಂದು ದಿನವೂ?"

"ಒಂದು ದಿನವೂ ಇಲ್ಲ."

ಅವಳು ಮಗುವನ್ನು ತೊಡೆಯ ಮೇಲೆ ತಿರುಗಿಸಿಕೊಂಡಳು. ಆಮೇಲೆ ಮಗುವಿನ ಅಂಗಿಯ ತೋಳನ್ನು ಮೊಣಕೈಯವರೆಗೆ ಸರಿಸಿ, ಆ ಕೈಯನ್ನು ನನಗೆ ಕಾಣುವಂತೆ ಹಿಡಿದಳು. ಮಗುವನ್ನು ನನಗೆ ಕೊಡಲಿಲ್ಲ. ನಾನೂ ಹತ್ತಿರ ಹೋಗಲಿಲ್ಲ. ಸೂಜಿ ಚುಚ್ಚಿದ ಜಾಗಕ್ಕೆ ನರ್ಸು ಪೆನ್ನಿನಲ್ಲಿ ಸುತ್ತು ಹಾಕಿದ್ದ ಗುರುತು ಇನ್ನೂ ಪೂರ್ತಿ ಅಳಿಸಿರಲಿಲ್ಲ. ಅದರೊಳಗೆ ಚರ್ಮ ಮಟ್ಟಸವಾಗಿತ್ತು. ಹಿಂದಿನ ದಿನವೇ ಔಷಧ ನಿಲ್ಲಿಸಿದರೆಂದು ಅವಳು ಹೇಳಿದಳು.